ಕೊಟ್ಟಿಗೆಗೆ ಹೋದ ಚಾಪೆ

ನಮ್ಮ ಯಜಮಾನರು ಚಾಪೆ ಎತ್ತಿಕೊಂಡು ಕೊಟ್ಟಿಗೆಯಲ್ಲಿ ಮಲಗೋಕೆ ಶುರು ಮಾಡಿದಾಗ, ಊರವರು ನನ್ನಲ್ಲೇ ಏನೋ ಐಬಿದೆ ಅಂದುಕೊಂಡರು. ನಾನು ಎರಡನೇ ಸಂಬಂಧಕ್ಕೆ ಬಂದವಳು. ವಯಸ್ಸಿನಲ್ಲಿ ನಮಗೆ ಅಪ್ಪ ಮಗಳಷ್ಟು ಅಂತರ. ಅಲ್ಲಾಳಸಂದ್ರದ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಒಬ್ಬಳು ಕೇಳೇಬಿಟ್ಟಳು.

"ಏನಮ್ಮಿ, ನಿನ್ ಗಂಡಂಗೆ ನಿನಗಿಂತ ಎಮ್ಮೆನೇ ಚೆಂದ ಕಾಣ್ತೈತಾ?"

"ಎಮ್ಮೆ ಎದುರು ಮಾತಾಡಲ್ಲ ಕಣೆ, ಅದಕ್ಕೇ" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಬಟ್ಟೆ ಹರವುವಾಗ ನಗು ಬರಲಿಲ್ಲ.

ನಿಜ ಗೊತ್ತಾಗಿದ್ದು ಅವರ ಪಂಚೆ ಒಗೆಯುವಾಗಲೇ. ಮುಂದೆಲ್ಲ ಹಳದಿ ಕಲೆ. ಆಮೇಲೆ ಕಣ್ಣಿಟ್ಟು ನೋಡಿದೆ. ಊರ ಗಂಡಸರೆಲ್ಲ ಬೆಳಗ್ಗೆ ಹರಟೆ ಹೊಡೆದುಕೊಂಡು ಒಟ್ಟಿಗೆ ಕೆರೆ ಕಡೆ ಹೋದರೆ, ಇವರೊಬ್ಬರೇ ಕತ್ತಾಳೆ ಬೇಲಿ ಆಚೆಗೆ. ಕೂತರೆ ಏಳೋದೇ ಇಲ್ಲ. ಎದ್ದು ನಾಲ್ಕು ಹೆಜ್ಜೆ ಬಂದು ಮತ್ತೆ ವಾಪಸ್ಸು. ಕೊಟ್ಟಿಗೆಗೆ ಹೋಗಿದ್ದೂ ಅದಕ್ಕೇ. ಘಳಿಗೆಗೊಂದು ಸಲ ಏಳೋದು ನನಗೆ ತಿಳಿಯಬಾರದು, ದನ ಗಂಜಲ ಹೊಯ್ಯೋ ಸದ್ದಿನಲ್ಲಿ ಇವರದೂ ಸೇರಿಹೋಗಬೇಕು ಅಂತ. ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಯಾಕೆ ಅಂದರೆ, "ಬಾಯಾರ್ಕೆ ಇಲ್ಲ." ದಿನಕ್ಕೆ ಅಷ್ಟೇ ಮಾತು. ಒಳಗೆ ನಾನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ.

ಅತ್ತೆಗೆ ಹೇಳಿದೆ. "ಉಷ್ಣ ಕಣೆ, ಇನ್ನೇನೂ ಅಲ್ಲ" ಅಂದರು. ನಮ್ಮ ಕಡೆ ಗಂಡಸಿಗೆ ಉಚ್ಚೆ ಉರಿದರೂ ಉಷ್ಣ, ಕೆಂಪಗೆ ಹೋದರೂ ಉಷ್ಣ, ಕಟ್ಟಿಕೊಂಡರೂ ಉಷ್ಣ. ಮದ್ದೂ ಒಂದೇ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚೋದು, ತಂಪು ಕುಡಿಸೋದು.

ಒಂದು ಬೇಸಿಗೆ, ದ್ರಾಕ್ಷಿ ತೋಟಕ್ಕೆ ನೀರು ಹಾಯಿಸಿ ಬಂದವರು ಜಗಲಿ ಮೇಲೆ ಬಿದ್ದುಕೊಂಡರು. ಬೆಳಗಿನಿಂದ ಒಂದು ಹನಿಯೂ ಹೋಗಿಲ್ಲ. ಉಷ್ಣ ಜಾಸ್ತಿಯಾಗಿದೆ ಅಂತ ಅತ್ತೆ ಬಾಯಿಂದ ಸುದ್ದಿ ಹಬ್ಬಿತು. ಒಂದು ಮನೆಯಿಂದ ಎಳನೀರು, ಇನ್ನೊಂದು ಮನೆಯಿಂದ ಬಾರ್ಲಿ ಗಂಜಿ, ಬಾಳೆದಿಂಡಿನ ರಸ, ಚೊಂಬುಗಟ್ಟಲೆ ನೀರುಮಜ್ಜಿಗೆ. ಬೇಡ ಅಂದರೆ ತಂದವರಿಗೆ ಬೇಜಾರು. ಮರ್ಯಾದಸ್ತ ಮನುಷ್ಯ, ಎಲ್ಲಾ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಹೊಕ್ಕುಳ ಕೆಳಗೆ ಸೋರೆಬುರುಡೆ ಇಟ್ಟಂಗೆ ಉಬ್ಬಿತು, ಮೈಯೆಲ್ಲ ಬೆವರು. ಅತ್ತೆ ಇನ್ನೊಂದು ಲೋಟ ತಂದರು.

ನಾನು ಲೋಟ ಕಿತ್ತುಕೊಂಡೆ. "ತೂಬು ಕಟ್ಕೊಂಡಿರೋ ಕೆರೆಗೆ ಇನ್ನೂ ನೀರು ಬಿಡ್ತೀರಾ? ಕಟ್ಟೆ ಒಡೀತದೆ. ಗಾಡಿ ಕಟ್ಟಿಸಿ."

"ಗಂಡಸರು ಯಾರಾದ್ರೂ ಓಗ್ಲಿ. ನೀನ್ಯಾಕೆ?" ಅಂದರು ಅತ್ತೆ.

"ಗಂಡಸರಿಗೆ ಏನು ಗೊತ್ತು? ಇವರು ಯಾರ ಹತ್ರ ಬಾಯಿ ಬಿಟ್ಟವ್ರೆ?"

ಬಳ್ಳಾರಿ ರಸ್ತೆವರೆಗೆ ಎತ್ತಿನ ಗಾಡಿ. ಒಂದೊಂದು ಕುಲುಕಿಗೂ ಹಲ್ಲು ಕಚ್ಚುತ್ತಿದ್ದರು. ಅಲ್ಲಿಂದ ಬಸ್ಸು. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿ, "ಎಷ್ಟು ದಿನದಿಂದ ತೊಂದರೆ?" ಅಂತ ಕೇಳಿದರು. ಸುತ್ತ ನರ್ಸು, ಕಾಂಪೌಂಡರು, ಕಲಿಯೋ ಹುಡುಗರು.

ಯಜಮಾನರು ಗೋಡೆ ನೋಡಿಕೊಂಡು "ಇವತ್ತಿಂದ" ಅಂದರು.

"ಇಲ್ಲ ಸ್ವಾಮಿ" ಅಂದೆ. "ಎರಡು ವರ್ಷ ಆಯ್ತು. ತಿಣುಕಬೇಕು. ಧಾರೆ ಇಲ್ಲ, ತೊಟ್ಟು ತೊಟ್ಟೇ ಬರೋದು. ಪಂಚೆ ನೆನೀತದೆ. ರಾತ್ರಿಯೆಲ್ಲ ಏಳ್ತಾರೆ."

ಅವರು ನನ್ನ ಕಡೆ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು.

ನನ್ನನ್ನು ಪರದೆ ಆಚೆ ಕಳಿಸಿ ಸಣ್ಣ ರಬ್ಬರ್ ಕೊಳವೆ ಹಾಕಿದರು. ಪಿಂಗಾಣಿ ಪಾತ್ರೆಗೆ ಬಿದ್ದ ಸದ್ದು ಆಚೆಗೂ ಕೇಳಿಸಿತು, ನಿಲ್ಲಲೇ ಇಲ್ಲ. ಆಮೇಲೆ ಹಿಂದುಗಡೆಯಿಂದ ಬೆರಳು ಹಾಕಿ ನೋಡಬೇಕು ಅಂದರು. ಯಜಮಾನರು ಎದ್ದು ಕೂತರಂತ ಕಾಣುತ್ತದೆ, ಮಂಚ ಕಿರುಗುಟ್ಟಿತು.

"ನಂಗೆ ಕಾಯ್ಲೆ ಇರೋದು ಮುಂದ್ಗಡೆ ಸ್ವಾಮಿ. ಅಲ್ಲೇನು ನೋಡ್ತೀರಿ?"

ನಾನು ಪರದೆ ಆಚೆಯಿಂದಲೇ ಕೂಗಿದೆ. "ಹೆಬ್ಬಾಳದ ದನದ ಡಾಕ್ಟ್ರು ನಮ್ಮ ಎಮ್ಮೆ ಗಬ್ಬ ಐತಾ ಅಂತ ಎಲ್ಲಿ ಕೈ ಹಾಕಿ ನೋಡಿದ್ರು? ಬಾಲ ಹಿಡ್ಕೊಂಡು ನಿಂತಿದ್ದೋರು ನೀವೇ ಅಲ್ವಾ?"

ಹುಡುಗರು ಗೊಳ್ಳೆಂದರು. ಮಂಚ ಮತ್ತೆ ಕಿರುಗುಟ್ಟಿತು, ಯಜಮಾನರು ಮಲಗಿಕೊಂಡರು.

ಡಾಕ್ಟ್ರು ಇಬ್ಬರಿಗೂ ಬಿಡಿಸಿ ಹೇಳಿದರು. ಉಚ್ಚೆ ಚೀಲದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತದಂತೆ, ವಯಸ್ಸಾದ ಮೇಲೆ ಊದಿಕೊಂಡು ದಾರಿ ಒತ್ತುತ್ತದಂತೆ. "ಇದು ಉಷ್ಣ ಅಲ್ಲ. ಬಿಟ್ಟಿದ್ರೆ ಮೂತ್ರಪಿಂಡ ಕೆಡ್ತಿತ್ತು. ಕೆಟ್ಟ ಸಹವಾಸದಿಂದ ಬರೋ ರೋಗನೂ ಅಲ್ಲ, ಹೆದರ್ಬೇಡಿ."

ಆ ಕೊನೇ ಮಾತಿಗೆ ಯಜಮಾನರು ಕಣ್ಣು ಮುಚ್ಚಿಕೊಂಡರು. ಅಷ್ಟು ದಿನ ಯಾವುದಕ್ಕೆ ಹೆದರಿದ್ದರು ಅಂತ ನನಗೆ ಆಗ ತಿಳಿಯಿತು.

ಕೆಳಹೊಟ್ಟೆ ಕುಯ್ದು ಗ್ರಂಥಿ ತೆಗೆದರು. ಗಂಡಸರ ವಾರ್ಡಿನಲ್ಲಿ ಹೆಂಗಸರು ನಿಲ್ಲೋ ಹಾಗಿಲ್ಲ. ಆಪರೇಷನ್ ದಿನವೂ, ಆಮೇಲೂ ಕಾಂಪೌಂಡಿನ ಮರದ ಕೆಳಗೆ ಬುತ್ತಿ ಇಟ್ಟುಕೊಂಡು ಕೂತಿರುತ್ತಿದ್ದೆ. ಬಿಟ್ಟಾಗ ಒಳಗೆ ಹೋದರೆ, ಮಂಚದ ಕೆಳಗೆ ಕೊಳವೆ ಇಳಿಬಿಟ್ಟಿದ್ದ ಗಾಜಿನ ಬುಡ್ಡಿ ನೋಡುತ್ತಿದ್ದೆ. ಮೊದಲು ಬೀಟ್‌ರೂಟ್ ನೀರಿನ ಬಣ್ಣ, ದಿನ ಹೋದಂತೆ ತಿಳಿ. ನಾನು ಬುಡ್ಡಿ ನೋಡುತ್ತಿದ್ದೆ, ಅವರು ಸೂರು ನೋಡುತ್ತಿದ್ದರು.

ಮನೆಗೆ ಬಂದಾಗ ಧಾರೆ ಚೆನ್ನಾಗಿತ್ತು. ನಾನು ಕೊಟ್ಟಿಗೆಯ ಚಾಪೆ ತೊಳೆದು, ಒಣಗಿಸಿ, ಒಳಗೆ ನನ್ನ ಚಾಪೆ ಪಕ್ಕ ಹಾಸಿದೆ. ಸಂಜೆ ಅವರು ಬಂದು ಅದನ್ನ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

"ಇನ್ನೂ ಯಾಕೆ?" ಅಂದೆ.

"ಅಷ್ಟು ಜನದ ಮುಂದೆ ಅದನ್ನೆಲ್ಲ ಏಳ್ಬಾರ್ದಿತ್ತು ನೀನು."

"ಹೇಳ್ದೇ ಇದ್ದಿದ್ರೆ ಸಾಯ್ತಿದ್ರಿ."

"ಸಾಯ್ತಿದ್ದೆ" ಅಂದು ಹೋದರು.

ಕೆಲವು ವರ್ಷ ಆದಮೇಲೆ ಬ್ಯಾಟರಾಯನಪುರದ ಅವರ ಗೆಳೆಯರೊಬ್ಬರು ಬಂದು ಜಗಲಿ ಮೇಲೆ ಕೂತರು. ಅವರಿಗೂ ಅದೇ ತೊಂದರೆ. ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಯಜಮಾನರು ಎಲ್ಲಾ ಹೇಳಿದರು. ತಿಣುಕಿದ್ದು, ಹೆದರಿದ್ದು, ಕೊಳವೆ, ಬೆರಳು, ಎಮ್ಮೆಯ ಮಾತು ಕೂಡ. ಅದನ್ನ ಹೇಳಿಕೊಂಡು ತಾವೇ ನಕ್ಕರು. ಅವರು ಅಷ್ಟು ಹೊತ್ತು ಮಾತಾಡಿದ್ದು ನಾನು ಕೇಳೇ ಇರಲಿಲ್ಲ.

"ನಾಚ್ಕೋಬೇಡ, ನಾಳೆನೇ ಓಗೋಣ, ನಾನೂ ಬತ್ತೀನಿ" ಅಂದರು. ಆಮೇಲೆ ದನಿ ತಗ್ಗಿಸಿ, "ಕೊಟ್ಟಿಗೇಲಿ ಮಲಗಿದ್ರೆ ಒಳಗೆ ಇವಳು ಕೆಮ್ಮೋದು ಕೇಳಿಸ್ತಿತ್ತು ಕಣಯ್ಯ. ಎದ್ದೋಗಿ ಇವಳ ಹತ್ರ ಎಲ್ಲಾ ಏಳ್ಬಿಡೋಣ ಅನ್ಸೋದು. ಬಾಗಿಲವರೆಗೂ ಓಗಿ ಬಂದಿದ್ದೀನಿ."

ನಾನು ಮುದ್ದೆ ಕೋಲು ಕೆಳಗಿಟ್ಟು, ಬಂದವರಿಗೆ ಒಂದು ಚೊಂಬು ನೀರು ತೆಗೆದುಕೊಂಡು ಆಚೆ ಹೋದೆ. ನನ್ನನ್ನು ನೋಡಿದ್ದೇ ಯಜಮಾನರು ಗೆಳೆಯರ ಕಡೆ ತಿರುಗಿ, ಈ ಸಲ ದ್ರಾಕ್ಷಿಗೆ ಬೂದಿ ರೋಗ ಜಾಸ್ತಿ ಅಂದರು.