'ಬತ್ತೀನಿ' ಅನ್ನದ ದೆವ್ವ

ಮಗಳು ಸೋಫಾದ ಮೇಲೆ ಬಿಟ್ಟಿದ್ದ ದೆವ್ವದ ಚಿತ್ರಕಾದಂಬರಿಯನ್ನು ಇವತ್ತು ಕೈಗೆತ್ತಿಕೊಂಡೆ. ಇಬ್ಬರು ಹುಡುಗಿಯರು, ಜೀವದ ಗೆಳತಿಯರು. ಒಬ್ಬಳ ಮೈಯೊಳಗೆ ದೆವ್ವ ಹೊಕ್ಕಿದೆ, ಇನ್ನೊಬ್ಬಳಿಗೆ ಅದು ಗೊತ್ತೇ ಆಗುವುದಿಲ್ಲ. ಹಾಳೆಗಳ ಶಾಯಿ ವಾಸನೆ ನನ್ನನ್ನು ಮಳವಳ್ಳಿಯ ಹೈಸ್ಕೂಲಿನ ಕೊನೆ ಬೆಂಚಿಗೆ ಎಳೆದುಕೊಂಡು ಹೋಯಿತು.

ಅಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಭಾಗ್ಯ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ನಾವೂ ದೆವ್ವದ ಕಥೆ ಮಾಡುತ್ತಿದ್ದೆವು. ಚಿತ್ರ ಅವಳದು, ಮಾತು ನನ್ನದು. ನಮ್ಮ ದೆವ್ವ ಗೆಳತಿಯ ವೇಷದಲ್ಲಿ ಬರುತ್ತಿತ್ತು. ಅದನ್ನು ಗುರುತು ಹಿಡಿಯುವ ಉಪಾಯ ಸಿಕ್ಕಿದ್ದು ನನ್ನ ಅಜ್ಜಿಯಿಂದ. ಯಾರು ಹೊರಟರೂ ಅಜ್ಜಿ ಗದರುತ್ತಿದ್ದಳು: "ಓಯ್ತೀನಿ ಅನ್ಬಾರ್ದು ಕಣಮ್ಮಿ, ಬತ್ತೀನಿ ಅನ್ಬೇಕು." ನಮ್ಮ ದೆವ್ವಕ್ಕೆ 'ಬತ್ತೀನಿ' ಅನ್ನಲು ಬರುತ್ತಿರಲಿಲ್ಲ.

ಒಂದು ಸಂಜೆ ಭಾಗ್ಯ ಮನೆಗೆ ಬಂದು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟಳು. "ನೀನೇ ಮಡಿಕೋ. ಓಯ್ತೀನಿ ಕಣೆ" ಅಂದಳು.

"ಅಯ್ಯಯ್ಯೋ, ದೆವ್ವ!" ಎಂದು ಕಿರುಚಿ, ನಗುತ್ತಾ ಬಾಗಿಲು ಹಾಕಿಕೊಂಡೆ.

ಮರುದಿನ ಬೆಂಚು ಖಾಲಿ. ಮದ್ದೂರಿನ ಸೋದರಮಾವನಿಗೆ ಮದುವೆ ಮಾಡಿಕೊಡಲು ಅವಳನ್ನು ಕರೆದುಕೊಂಡು ಹೋಗಿದ್ದರು. ಹೇಗಾದರೂ ಅವಳನ್ನು ಬಿಡಿಸಿಕೊಂಡು ಬಾ ಎಂದು ಅವ್ವನ ಸೆರಗು ಹಿಡಿದು ಗೋಗರೆದೆ. ಅವ್ವ ಅವರೆಕಾಯಿ ಸುಲಿಯುತ್ತಲೇ, "ಅವ್ರ ಮಗ್ಳು, ಅವ್ರಿಷ್ಟ. ನಾವೇನ್ ಮಾಡಕ್ಕಾಯ್ತದೆ, ಬುಡು" ಅಂದಳು. ನೋಟ್‌ಬುಕ್ಕಿನ ಕೊನೆಯ ಚಿತ್ರದಲ್ಲಿ ನನ್ನ ಮಾತಿಗೆಂದು ಭಾಗ್ಯ ಬಿಟ್ಟಿದ್ದ ಜಾಗ ಇನ್ನೂ ಖಾಲಿಯೇ ಇದೆ.

ಈಗಷ್ಟೇ ಮಗಳು ಟ್ಯೂಷನ್ನಿಗೆ ಹೊರಟಳು. "ಹೋಗ್ತೀನಮ್ಮ" ಅಂದಳು. "ಬತ್ತೀನಿ ಅನ್ನಮ್ಮಿ!" ಎಂದು ನಾನು ಕೂಗುವಷ್ಟರಲ್ಲಿ ಗೇಟು ಹಾಕಿದ ಸದ್ದಾಯಿತು.