ಡೈರಿ ಮುಂದಿನ ಸಾಲು

ಕಾಯುವುದು ಅಂದರೆ ನನಗೆ ಮುಳ್ಳಿನ ಮೇಲೆ ನಿಂತ ಹಾಗೆ. ಅದಕ್ಕೇ ಇರಬೇಕು, ಹಳ್ಳಿ ಹೆಂಗಸರ ನೆಮ್ಮದಿಗೆ ಏನಾದರೂ ಯೋಜನೆ ಮಾಡಿ ಅಂತ ನಮ್ಮ ಸಂಸ್ಥೆಯವರು ಹೇಳಿದಾಗ ನಾನು ಹಾಲಿನ ಡೈರಿಯ ಸಾಲನ್ನೇ ತೆಗೆಯಲು ಹೊರಟೆ. ಸರದಿ ಬಂದಾಗ ಮೊಬೈಲಿಗೆ ಕರೆ ಮಾಡುವ ಯಂತ್ರವೊಂದನ್ನು ಶೀಳನೆರೆ ಹತ್ತಿರದ ಒಂದೂರಿನ ಡೈರಿಯಲ್ಲಿ ಕೂರಿಸಿದೆವು.

ವಾರ ಬಿಟ್ಟು ಹೋದರೆ ಸಾಲು ಹಾಗೇ ಇದೆ. ಸಾಲಲ್ಲಿ ನಿಂತಿದ್ದವು ಬರೀ ಕ್ಯಾನುಗಳು. ಹೆಂಗಸರು ಜಗಲಿ ಮೇಲೆ ಕೂತು ನಗುತ್ತಿದ್ದರು. "ಇನ್ನೂ ಕರೇನೇ ಬಂದಿಲ್ಲ, ಯಾಕೆ ಇಷ್ಟು ಬೇಗ ಬಂದ್ರಿ?" ಅಂತ ಜೋರಾಗಿಯೇ ಕೇಳಿದೆ.

"ಮೆಲ್ಲುಕೆ ಸಾ," ಅಂದಳು ಜಯಮ್ಮ ಅನ್ನುವವಳು. "ಮಿಸನ್ನು ಕೆಟ್ಟೋಗ್ಯದೆ ಅಂತ ಮನೇಲಿ ಯೋಳ್ಬುಟ್ಟಿವ್ನಿ. ಅಲ್ಲಿದ್ರೆ ಕೊಟ್ಗೆ, ಒಲೆ. ಇಲ್ಲಿ ಕುಂತಷ್ಟೊತ್ತೇ ನಾವು ಉಸುರಾಡೋದು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಅತ್ತೆಯೇ ಬಂದರು. "ಏನ್ ಸಾ, ಮಿಸನ್ನು ರಿಪೇರಿ ಆಯ್ತಾ?"

ನನ್ನ ಬೆನ್ನ ಹಿಂದೆ ಯಂತ್ರದ ಹಸಿರು ದೀಪ ಉರಿಯುತ್ತಿತ್ತು. ಅದಕ್ಕೆ ಅಡ್ಡ ನಿಂತು, "ಇಲ್ಲ ಅಜ್ಜಿ, ಸಾಮಾನು ಸಿಗ್ತಿಲ್ಲ" ಅಂದೆ.

"ನಿಧಾನುಕ್ಕೇ ಸಿಗ್ಲಿ ಬುಡಿ," ಅನ್ನುತ್ತಾ ಅಜ್ಜಿ ಸೊಸೆಯನ್ನು ಪಕ್ಕಕ್ಕೆ ಸರಿಸಿ ತಾವೂ ಜಗಲಿ ಮೇಲೆ ಕೂತರು.

ಆ ಊರಿನ ನೆಮ್ಮದಿಗೆ ನನ್ನಿಂದಾದ ಉಪಕಾರ ಆ ಸುಳ್ಳೊಂದೇ.