ಗುಡದಪ್ಪ ಕಳಿಸಿದ ಅರ್ಧ ತಿದ್ದುಪಡಿ

ಪುಕ್ಕಟೆ ಸಿಕ್ಕಿದ್ದನ್ನು ಮೂಸಿ ನೋಡದೆ ಮುಟ್ಟುವ ಆಸಾಮಿಯಲ್ಲ ಬ್ಯಾಡಗಿಯ ಗುಡದಪ್ಪ. ಹರೆಯದಲ್ಲಿ ವಿದೇಶಿ ಬೀಜ ಕಂಪನಿಗಳ ವಿರುದ್ಧ ಮೋಟೆಬೆನ್ನೂರಿನ ಹೆದ್ದಾರಿಗೆ ಅಡ್ಡ ಮಲಗಿ ಲಾಠಿ ತಿಂದವನು. ಆಮೇಲೆ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿತು, ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಚೀಲಕ್ಕೆ ಹಚ್ಚುವ ಚೀಟಿ ಮುದ್ರಿಸುವ ಕೆಲಸಕ್ಕೆ ನಿಂತ.

ಅದರ ಪ್ರೋಗ್ರಾಮನ್ನು ತಾನೇ ಕಟ್ಟಿದ್ದ. ಅರ್ಧ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಅರ್ಧ ಪೈಥಾನ್‌ನಲ್ಲಿ. ಒಂದರ ಮಾತು ಇನ್ನೊಂದಕ್ಕೆ ದಾಟಿಸಲು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಸೇತುವೆಯೊಂದಿತ್ತು. ಯಾರು ಬೇಕಾದರೂ ಅದರ ಒಳಗನ್ನು ಓದಬಹುದು, ತಿದ್ದಿ ಕಳಿಸಬಹುದು. ಆದರೆ ಅದನ್ನು ದಾಟುವಾಗ ಕನ್ನಡದಲ್ಲಿ ಬರೆದ ರೈತರ ಹೆಸರುಗಳೆಲ್ಲ ಬರೀ ಪ್ರಶ್ನೆ ಚಿಹ್ನೆಯಾಗುತ್ತಿದ್ದವು. ಚೀಲ ಯಾರದೆಂದು ತಿಳಿಯದೆ ಹಮಾಲರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಗುಡದಪ್ಪ ಕೂತು ಸೇತುವೆಯನ್ನೇ ತಿದ್ದಿದ. ಹೊಸ ಆವೃತ್ತಿ ಬಂತೆಂದರೆ ತಿದ್ದಿದ್ದು ಮಾಯ. ಮೂಲದಲ್ಲೇ ಸೇರಿಸಬೇಕು, ಅದೂ 2007ರ ಸುಗ್ಗಿಯ ಚೀಲಗಳು ಬರುವುದರೊಳಗೆ.

ಸೇತುವೆ ನೋಡಿಕೊಳ್ಳುವವನು ನಾರ್ವೆಯ ಲಾರ್ಸ್. ಗುಡದಪ್ಪ ವಿಷಯ ತಿಳಿಸಿದ್ದಕ್ಕೆ "ತಿದ್ದಿದ್ದನ್ನು ಎಲ್ಲರಿಗೂ ಕಾಣುವಂತೆ ಕಳಿಸು" ಎಂದು ಬರೆದ. ಗುಡದಪ್ಪನ ಕಿವಿ ನಿಮಿರಿದವು. ಇವನ ಬೆನ್ನಿಗೆ ಯಾವ ಕಂಪನಿಯೋ? ತನ್ನ ಕೆಲಸ ನುಂಗಿ ತನಗೇ ಮಾರಿದರೆ? ಪೇಟೆಯಲ್ಲಿ ಮೊದಲು ಒಂದು ಮುಷ್ಟಿ ಕಾಯಿ ತೋರಿಸಿಯೇ ವ್ಯಾಪಾರ ಕುದುರಿಸುವುದು. ಗುಡದಪ್ಪನೂ ಹಾಗೆಯೇ ತಿದ್ದುಪಡಿಯ ಅರ್ಧ ಕಳಿಸಿ, ಉಳಿದರ್ಧ ಬಚ್ಚಿಟ್ಟ.

ಉತ್ತರ ಬಂತು: "ಇದನ್ನು ಹಾಕಿದರೆ ಸೇತುವೆಯೇ ಕೆಟ್ಟು ನಿಲ್ಲುತ್ತದೆ. ಉಳಿದದ್ದೆಲ್ಲಿ?"

"ನೋಡಿದೇನ? ಉಳಿದದ್ದರ ಮ್ಯಾಲೇ ಕಣ್ಣು ಅವಂಗ" ಎಂದ ಹೆಂಡತಿಗೆ.

ಪ್ರೇಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವನ ಸೇತುವಿ ನೀವು ಮುಷ್ಟಿಲೆ ತಂದ್ರೇನು? ಇಡೀ ಚೀಲನ ಹೊತ್ಕೊಂಡ ಬಂದ್ರಿ!"

"ನಿನಗ ತಿಳಿಯಂಗಿಲ್ಲ. ಕಂಪನಿ ಮಂದಿ ಅಂದ್ರ..."

"ಖರೇರಿ. ನಿಮ್ಮ ಅರ್ಧ ಚೀಲ ಕದಿಯಾಕ ಅವ ಪ್ಯಾಸೆಂಜರ್ ರೈಲು ಹತ್ತಿ ಬ್ಯಾಡಗಿಗೆ ಬರಾಕತ್ತಾನ. ಕಳಸ್ರಿ, ಇಲ್ಲಾ ಸುಮ್ಮ ಕುಂದರ್ರಿ. ಹಮಾಲರ ಬೈಗಳ ನನ್ನ ಮಟಾ ಬರ್ತಾವ."

ಗುಡದಪ್ಪ ಸೇತುವೆಯ ಹಳೆಯ ತಿದ್ದುಪಡಿಗಳನ್ನೆಲ್ಲ ಕೆದಕಿದ. ಚೀಲದ ಮೇಲೆ ಒಳ್ಳೆಯ ಕಾಯಿ ಹರಡಿದವರು ನಡುವೆ ಏನು ತುಂಬಿರುತ್ತಾರೆಂದು ಅವನಿಗೆ ಗೊತ್ತು. ಸಿಕ್ಕಿದ್ದು, "ಇದು ನನ್ನ ತಪ್ಪು" ಎಂದು ಲಾರ್ಸನೇ ಬರೆದುಕೊಂಡ ಸಾಲುಗಳು. ತಿದ್ದಿ ಹಂಚುವವರು, ಕಂಪನಿಯಾದರೂ ಸರಿ, ತಿದ್ದಿದ್ದನ್ನೂ ಎಲ್ಲರಿಗೂ ಬಿಚ್ಚಿಡಬೇಕು ಎಂಬ ಸೇತುವೆಯ ಪರವಾನಗಿಯನ್ನು ತೂತು ಹುಡುಕುತ್ತಲೇ ಓದಿದ. ಸಿಗಲಿಲ್ಲ. ಹಲ್ಲು ಕಚ್ಚಿ ಉಳಿದದ್ದನ್ನೂ ಕಳಿಸಿದ.

ಲಾರ್ಸ್ ಹೊಗಳಲಿಲ್ಲ. "ನಿನ್ನ ಕೋಡು ಹಿಡಿದ ಮೆಮೊರಿಯನ್ನು ಮರಳಿ ಬಿಡುತ್ತಿಲ್ಲ. ಸರಿಮಾಡು" ಎಂದ. ನೆಪ ಹುಡುಕುತ್ತಿದ್ದಾನೆ ಎಂದು ಗುಡದಪ್ಪ ಉರಿದುಕೊಂಡ. ಕೋಡನ್ನು ಓಡಿಸಿ ನೋಡಿದರೆ, ತಪ್ಪು ತನ್ನದೇ. ಸರಿಮಾಡಿ ಕಳಿಸಿದ.

ಸುಗ್ಗಿಗೆ ಮುಂಚೆಯೇ ಹೊಸ ಆವೃತ್ತಿ ಬಂತು. ಗುಡದಪ್ಪ ತನ್ನ ಸಾಲುಗಳನ್ನು ಒಂದೊಂದಾಗಿ ಹುಡುಕಿದ. ಅವನ ಹೆಸರಿನ ಸಮೇತ ಇದ್ದವು. ಬಂದ ಮೊದಲ ಚೀಟಿಯ ಮೇಲೆ ಚೀಲದ ಒಡತಿಯ ಹೆಸರು "ಉಚ್ಚಂಗೆವ್ವ" ಎಂದು ಸ್ಪಷ್ಟವಾಗಿತ್ತು.

ಹಮಾಲ ಮೈಲಾರಲಿಂಗ ಅದನ್ನು ಬೆಳಕಿಗೆ ಹಿಡಿದ. "ಹೆಸರು ಬಂದೈತಿ ನೋಡ್ರಿ ಅಣ್ಣಾರ. ಇನ್ನ ನಿಮಗ ಬೈಯಾಕ ಬ್ಯಾರೆ ಏನರ ಹುಡುಕಬೇಕು!"

"ತಡಿಯೋ" ಎಂದ ಗುಡದಪ್ಪ, ಇನ್ನೊಂದು ಚೀಟಿ ಮುದ್ರಿಸಿ ನೋಡಿದ.